ಸ್ಯಾಂಪಲ್ ನಂಬರ್ 47

ನಮ್ಮ ಸೋದರತ್ತೆ ಮಡಕಶಿರಾ ಸೀಮೆಯವಳು, ಅಗಳಿ ಕಡೆ. ಆ ನೆಲದ ನೀರು ಎಪ್ಪತ್ತು ವರ್ಷ ಕುಡಿದ ಹಲ್ಲು, ಅದೇ ನೀರು ಕುಡಿದ ಮಂಡಿ. ಯುಗಾದಿಗೆಂದು ರಾಯದುರ್ಗದ ನಮ್ಮ ಮನೆಗೆ ಬಂದವಳು ಹೋಳಿಗೆ ತಿಂದು ಕೂತಲ್ಲೇ ಕೂತಳು, ಏಳಲಾಗಲಿಲ್ಲ. ಗಡಿ ದಾಟಿಸಿ ಒಂದು ಖಾಸಗಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಕರಕೊಂಡು ಹೋದೆ. ಅಲ್ಲಿಗೇ ಯಾಕೆಂದರೆ ನಮ್ಮಕ್ಕನ ಮಗ ಅಲ್ಲಿಯ ಲೈಬ್ರರಿಯಲ್ಲಿ ಕೆಲಸಕ್ಕಿದ್ದಾನೆ. ನಮ್ಮ ಕಡೆ ಆಸ್ಪತ್ರೆ ಆರಿಸುವುದು ಹೀಗೆಯೇ: ಒಳಗೆ ನಮ್ಮವರೊಬ್ಬರು ಇರಬೇಕು, ವಾಚ್‌ಮನ್ ಆದರೂ ಸರಿ. ಕಾಲೇಜಿನ ಹೆಸರು ಕೇಳಬೇಡಿ. ಅತ್ತೆಗೆ ಅಲ್ಲಿ ಇನ್ನೂ ಔಷಧಿ ನಡೆಯುತ್ತಿದೆ, ಅಳಿಯನಿಗೆ ಸಂಬಳ.

ಮೂಳೆ ವಿಭಾಗದ ಬೆಂಚಿನ ಮೇಲೆ ಎರಡು ಗಂಟೆ ಕಾದ ಮೇಲೆ ಬಂದದ್ದು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನ ಪಿಜಿ. ಕಣ್ಣ ಕೆಳಗೆ ಮೂರು ರಾತ್ರಿಯ ನಿದ್ದೆ ಬಾಕಿ ಇದ್ದ ಹುಡುಗ.

"ಅಜ್ಜೀ, ಇಲ್ಲೊಂದು ಸೈನ್ ಹಾಕ್ರಿ."

"ಯಾತಕಪ್ಪಾ? ಆಪ್ರೇಸನ್ನಾ?"

"ಅಲ್ಲ, ಸ್ಟಡಿಗೆ."

"ನನಗೀಗ ಯಾವ ಸ್ಟಡಿ ಮಗಾ, ಮೂರನೇ ಕ್ಲಾಸಿಗೇ ಬಿಟ್ಟೆ."

ಹುಡುಗ ನಕ್ಕ. ಆಮೇಲೆ ಒಪ್ಪಿಗೆ ಪತ್ರ ನನ್ನ ಕೈಗಿತ್ತ. ಕನ್ನಡದಲ್ಲೇ ಇತ್ತು, ಅಂದರೆ ಅಕ್ಷರಗಳು ಕನ್ನಡದವು. 'ಸದರಿ ಅಧ್ಯಯನದ ವಿಷಯವಾಗಿ ನಾನು ಸ್ವಯಂಪ್ರೇರಿತನಾಗಿ ದಾಖಲಿಸಲ್ಪಡುತ್ತೇನೆ' ಎಂಬಲ್ಲಿಂದ ಶುರುವಾಗಿ, ಯಾವಾಗ ಬೇಕಾದರೂ 'ಹಿಂತೆಗೆಯಲ್ಪಡಬಹುದು' ಎಂಬಲ್ಲಿಗೆ ಮುಗಿಯಿತು. ಇಂಗ್ಲಿಷಿನ ಸಬ್ಜೆಕ್ಟು ನಮ್ಮಲ್ಲಿಗೆ ಬರುವಷ್ಟರಲ್ಲಿ ವಿಷಯವಾಗಿಬಿಟ್ಟಿತ್ತು. "ಏನೈತಂತೆ?" ಎಂದು ಅತ್ತೆ ಕೇಳಿದಳು. "ನೀನು ವಿಷಯ ಅಂತೆ ಅತ್ತೆ" ಎಂದೆ. ಅರವತ್ತು ವರ್ಷದ ಸಂಸಾರದಲ್ಲಿ ಯಾರೂ ಅವಳನ್ನು ವಿಷಯವೆಂದು ಗಣಿಸಿರಲಿಲ್ಲ. ಖುಷಿಯಿಂದಲೇ ಹೆಬ್ಬೆಟ್ಟು ಒತ್ತಿದಳು. ಹುಡುಗ ಪ್ರೊಫಾರ್ಮಾ ತೆಗೆದು ಊರು, ಮನೆ, ಬಾವಿಯೋ ಬೋರೋ ನಲ್ಲಿಯೋ, ಎಲ್ಲ ಬರೆದುಕೊಂಡು, ಮೂಲೆಯಲ್ಲಿ 47 ಎಂದು ಬರೆದು ಸುತ್ತ ಗೆರೆ ಎಳೆದ.

ಗಡಿ ದಾಟಿ ಯಾಕೆ ಹೋಗಬೇಕಿತ್ತು ಎಂದು ಬೆಂಗಳೂರಿನ ಓದುಗರು ಕೇಳಬಹುದು. ನಾವು ದಾಟಲಿಲ್ಲ ಸ್ವಾಮಿ, ಗಡಿಯೇ ನಮ್ಮನ್ನು ದಾಟಿಕೊಂಡು ಹೋಯಿತು. 1953ರ ಅಕ್ಟೋಬರ್ 1ರ ತನಕ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆವತ್ತು ಆದೋನಿ, ಆಲೂರುಗಳ ಜೊತೆ ನಮ್ಮನ್ನೂ ಹೊಸ ಆಂಧ್ರ ರಾಜ್ಯಕ್ಕೆ ಧಾರೆ ಎರೆದು ಕೊಟ್ಟರು. ಎಂಟು ವರ್ಷ ಕಳೆದು 1961ರಲ್ಲಿ ತವರುಮನೆ ಬಳ್ಳಾರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಗಂಡನ ಮನೆ ಅನಂತಪುರಕ್ಕೆ ಬಂದದ್ದು 2000ದಲ್ಲಿ. ನಡುವಿನ ಮೂವತ್ತೊಂಬತ್ತು ವರ್ಷ ನಾವು ಗಡಿಯ ಈಚೆ ಕಾಯಿಲೆ ಬಿದ್ದು ಗಡಿಯ ಆಚೆ ವಾಸಿಯಾದೆವು. ಬಳ್ಳಾರಿ ಹತ್ತಿರ, ಅನಂತಪುರ ದೂರ. ಕಾಲು ಮುರಿದವನಿಗೆ ಭಾಷಾವಾರು ಪ್ರಾಂತ್ಯ ನೆನಪಾಗುವುದಿಲ್ಲ. ಮಡಕಶಿರಾದವರದು ಇನ್ನೊಂದು ಸುತ್ತು ಹೆಚ್ಚು. 2022ರ ಏಪ್ರಿಲ್ 4ರಂದು ಅವರು ಮಲಗಿದ್ದ ಮಂಚದಲ್ಲೇ ಎದ್ದು ಶ್ರೀ ಸತ್ಯಸಾಯಿ ಜಿಲ್ಲೆಯವರಾಗಿದ್ದರು.

ಅತ್ತೆ ಗುಳಿಗೆ ನುಂಗುತ್ತ ನಮ್ಮಲ್ಲೇ ಉಳಿದಳು. ಕಾಲ ಕಳೆಯಿತು. ಒಂದು ದಿನ ಇದ್ದಕ್ಕಿದ್ದಂತೆ, "ಆ ಹುಡ್ಗ ನನ್ ಮ್ಯಾಲೆ ಬರೀತೀನಿ ಅಂದಿದ್ನಲ್ಲ, ಬರದ್ನಾ?" ಎಂದಳು. ಅಳಿಯನಿಗೆ ಫೋನ್ ಮಾಡಿದೆ.

"ಬರೆದಿರ್ತಾರೆ ಮಾವ. ಬರೀದಿದ್ರೆ ಎಂಡಿ, ಎಂಎಸ್ ಪರೀಕ್ಷೆಗೇ ಕೂರಿಸಲ್ಲ. ಥೀಸಿಸ್ಸು ನಮ್ಮ ಲೈಬ್ರರಿ ಬೀರುವಿನಲ್ಲೇ ಇರ್ತದೆ. ಬನ್ನಿ, ತೋರಿಸ್ತೀನಿ. ಆದ್ರೆ ಈ ವಾರ ಬೇಡ, ಇನ್‌ಸ್ಪೆಕ್ಷನ್ ಇದೆ."

ಈ ಇನ್‌ಸ್ಪೆಕ್ಷನ್ ಎಂಬುದು ಮೆಡಿಕಲ್ ಕಾಲೇಜಿನ ಊರಹಬ್ಬ. ಅಳಿಯ ಹೇಳಿದ್ದನ್ನು ಹೇಳಿದಷ್ಟೇ ಹೇಳುತ್ತೇನೆ. ಲೈಬ್ರರಿಯ ಏಸಿ ಆ ವಾರ ಓಡುತ್ತದೆ. ಕಟ್ಟು ಬಿಚ್ಚದೆ ಇದ್ದ ಪುಸ್ತಕಗಳ ಕಟ್ಟು ಬಿಚ್ಚಿ, ಅಕ್ಸೆಷನ್ ರಿಜಿಸ್ಟರಿನಲ್ಲಿ ನಂಬರು ಏರಿಸಿ, ಮೊದಲ ಪುಟಕ್ಕೊಂದು ಮತ್ತು ಒಳಗಿನ ಗುಟ್ಟಿನ ಪುಟಕ್ಕೊಂದು ಸೀಲು ಹೊಡೆಯಬೇಕು. ರಾತ್ರಿ ಹನ್ನೆರಡರ ತನಕ ಸೀಲಿನ ಸದ್ದು ಕೇಳುತ್ತ ಕಾವಲುಗಾರ ಯಾರೋ ಜೋಳ ಕುಟ್ಟುತ್ತಿದ್ದಾರೆ ಎಂದುಕೊಂಡನಂತೆ. ಓದುಕೋಣೆಯ ಹಾಜರಿ ಪುಸ್ತಕದಲ್ಲಿ ವರ್ಷದ ಎಲ್ಲ ಸಂಜೆಗಳಿಗೂ ಸಹಿ ಬೀಳಬೇಕು. ಅದಕ್ಕೆ ನರ್ಸಿಂಗ್ ಹುಡುಗಿಯರನ್ನು ಕೂರಿಸಿ ನಾಲ್ಕು ಬಣ್ಣದ ಪೆನ್ನು ಕೊಡುತ್ತಾರೆ. ಲಕ್ಷಣವಾಗಿ ಬೈಂಡು ಮಾಡಿಸಿದ ವಿದೇಶಿ ಜರ್ನಲುಗಳು ಮುಂದಿನ ಸಾಲಿಗೆ ಬರುತ್ತವೆ. ಇನ್‌ಸ್ಪೆಕ್ಟರು ಬಂದು ಎಣಿಸುತ್ತಾರೆ, ಯಾವುದನ್ನೂ ತೆರೆಯುವುದಿಲ್ಲ. ಅವರ ಫಾರಮಿನಲ್ಲಿ ಎಷ್ಟು ಪುಸ್ತಕ, ಎಷ್ಟು ಕುರ್ಚಿ ಎಂಬ ಕಾಲಮುಗಳಿವೆ. ಯಾರು ಓದಿದರು ಎಂಬ ಕಾಲಮಿಲ್ಲ.

ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳ ಪುಸ್ತಕ ಬರೆದರು. ಪುಸ್ತಕ ಬಳಕೆಗಾಗಿ ಇದೆ ಎಂಬ ಅರ್ಥದ್ದು ಅದರ ಮೊದಲ ಸೂತ್ರ. ಬೆಂಗಳೂರಿಗೆ ಬಂದು 1962ರಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿದ ಆ ಹಿರಿಯರು ಒಂದು ಇನ್‌ಸ್ಪೆಕ್ಷನ್ ವಾರ ಇಲ್ಲಿ ಕೂತಿದ್ದರೆ ಮೊದಲ ಸೂತ್ರ ತಿದ್ದುತ್ತಿದ್ದರು: ಪುಸ್ತಕ ಎಣಿಕೆಗಾಗಿ ಇದೆ. ಉಳಿದ ನಾಲ್ಕು ತಾವಾಗಿಯೇ ಬಿದ್ದುಹೋಗುತ್ತಿದ್ದವು.

ಮನುಷ್ಯರನ್ನೂ ಹೀಗೆಯೇ ಎಣಿಸುತ್ತಾರೆ. ಎಣಿಕೆಯ ದಿನ ಮಾತ್ರ ಪ್ರೊಫೆಸರ್ ಆಗಿರುವವರು ಬಸ್ಸಿನಲ್ಲೋ ವಿಮಾನದಲ್ಲೋ ಬಂದು, ಬಿಳಿ ಕೋಟು ಹಾಕಿ, ಊಟ ಮಾಡಿ ಹೋಗುವ ಪದ್ಧತಿ ದೇಶಕ್ಕೆಲ್ಲ ಗೊತ್ತು. 2010ರ ಏಪ್ರಿಲ್‌ನಲ್ಲಿ ಈ ಎಣಿಕೆದಾರರನ್ನು ಕಳಿಸುತ್ತಿದ್ದ ಮೆಡಿಕಲ್ ಕೌನ್ಸಿಲ್ಲಿನ ಅಧ್ಯಕ್ಷರನ್ನೇ ಸಿಬಿಐ ಲಂಚದ ಆರೋಪದ ಮೇಲೆ ಬಂಧಿಸಿತು. ಮುಂದಿನ ತಿಂಗಳು ಕೌನ್ಸಿಲ್ಲೇ ವಿಸರ್ಜನೆಯಾಯಿತು. 2020ರಲ್ಲಿ ಅದರ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. 2025ರ ಜೂನ್ ಕೊನೆಯಲ್ಲಿ ಸಿಬಿಐ ಮತ್ತೊಂದು ಎಫ್‌ಐಆರ್ ಹಾಕಿತು: ಇನ್‌ಸ್ಪೆಕ್ಷನ್ನಿನ ಗುಟ್ಟು ಕಾಲೇಜುಗಳಿಗೆ ಮೊದಲೇ ಸೋರುತ್ತಿತ್ತು ಎಂಬ ಆರೋಪ. ಪುಸ್ತಕದ ಗುಟ್ಟಿನ ಪುಟಕ್ಕೆ ಬೀಳುವ ಸೀಲಿನಷ್ಟೂ ಆ ಗುಟ್ಟು ಗಟ್ಟಿಯಿರಲಿಲ್ಲ ಅನ್ನಿಸುತ್ತದೆ. ಈಗ ಮೇಷ್ಟರುಗಳ ಮುಖವನ್ನೇ ಆಧಾರ್‌ಗೆ ತೋರಿಸಿ ಹಾಜರಿ ಹಾಕಬೇಕು. ಮುಖ ಬಂದಿದೆ ಎಂದು ಯಂತ್ರ ಹೇಳುತ್ತದೆ. ಪಾಠ ಬಂದಿದೆಯೇ ಎಂದು ಕೇಳುವ ಯಂತ್ರಕ್ಕೆ ಯಾರೂ ಟೆಂಡರ್ ಕರೆದಿಲ್ಲ.

ಹುಡುಗರು ಲೈಬ್ರರಿಗೆ ಬರುವುದೇ ಇಲ್ಲವೇ ಎಂದು ಕೇಳಿದೆ. ಬರುತ್ತಾರಂತೆ, ಫೋನ್ ಚಾರ್ಜಿಗೆ. ವರ್ಷದ ಕೊನೆಗೆ ನೋ ಡ್ಯೂಸ್ ಸರ್ಟಿಫಿಕೇಟಿಗೆ. ಕೆಲವರು ಬೆಳಗ್ಗೆ ಎಂಟಕ್ಕೆ ಬಂದು ರಾತ್ರಿ ಹತ್ತಕ್ಕೆ ಏಳುತ್ತಾರೆ. ಅವರ ಮುಂದೆ ಲೈಬ್ರರಿಯ ಒಂದು ಪುಸ್ತಕವೂ ಇರುವುದಿಲ್ಲ, ಟ್ಯಾಬ್ ಇರುತ್ತದೆ, ಕಿವಿಯಲ್ಲಿ ಕೋಚಿಂಗ್ ಆ್ಯಪಿನ ಮೇಷ್ಟರು ಎರಡು ಪಟ್ಟು ವೇಗದಲ್ಲಿ ಮಾತಾಡುತ್ತಿರುತ್ತಾರೆ. ಹ್ಯಾರಿಸನ್ ಪಠ್ಯಪುಸ್ತಕದ ಹೊಸ ಎಡಿಷನ್ ಎರಡು ಸಂಪುಟ ಬೀರುವಿನಲ್ಲಿ ಬೆಚ್ಚಗಿದೆ. ಅದರ ಮೇಲೊಂದು ಹಲ್ಲಿ ಮನೆ ಮಾಡಿದೆ, ಅದೂ ಇಂಟರ್ನಲ್ ಮೆಡಿಸಿನ್ ಓದಿದ ಲಕ್ಷಣವಿಲ್ಲ.

ಪ್ರೊಫೆಸರುಗಳ ಕಥೆ ಬೇರೆ. ಅವರಿಗೆ ಜರ್ನಲ್ ಬೇಕೇ ಬೇಕು, ಬರೆಯುವುದಕ್ಕೆ. ಪೇಪರ್ ಇಲ್ಲದೆ ಪ್ರಮೋಷನ್ ಇಲ್ಲ ಎಂದು ಕೌನ್ಸಿಲ್ ನಿಯಮ ಮಾಡಿತು. 2015ರ ಸೆಪ್ಟೆಂಬರಿನಲ್ಲಿ ಯಾವ ಜರ್ನಲ್ ಲೆಕ್ಕಕ್ಕೆ, ಯಾವುದು ಲೆಕ್ಕಕ್ಕಿಲ್ಲ ಎಂದು ಸುತ್ತೋಲೆಯೂ ಬಂತು. ಇ-ಜರ್ನಲ್ ಲೆಕ್ಕಕ್ಕಿಲ್ಲ, ಮೊದಲ ಇಬ್ಬರ ನಂತರದ ಲೇಖಕರು ಲೆಕ್ಕಕ್ಕಿಲ್ಲ ಎಂದಿತ್ತು ಅದರಲ್ಲಿ. ಲೆಕ್ಕಕ್ಕಿರುವ ಸೂಚಿಗಳ ಪಟ್ಟಿಯಲ್ಲಿ ಇಂಡೆಕ್ಸ್ ಮೆಡಿಕಸ್ ಇತ್ತು. ಅಮೆರಿಕದಲ್ಲಿ 1879ರಲ್ಲಿ ಜಾನ್ ಶಾ ಬಿಲ್ಲಿಂಗ್ಸ್ ಶುರುಮಾಡಿದ ಘನವಾದ ಸೂಚಿ ಅದು. ಒಂದೇ ತೊಡಕು, 2004ರಲ್ಲೇ ನಿಂತುಹೋಗಿತ್ತು. ಸತ್ತು ಹನ್ನೊಂದು ವರ್ಷವಾದವರ ಸಾಕ್ಷಿ ತರಬೇಕು ಎಂದು ನಮ್ಮೂರ ರೆವಿನ್ಯೂ ಆಫೀಸಿನಲ್ಲಿ ಮಾತ್ರ ಕೇಳುತ್ತಾರೆ ಎಂದುಕೊಂಡಿದ್ದೆ.

ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯದಿದ್ದರೆ ಅದು ಭಾರತವೇ? 'ಪ್ರಿಯ ಖ್ಯಾತ ವಿದ್ವಾಂಸರೇ, ನಮಸ್ಕಾರಗಳು' ಎಂದು ನಸುಕಿನಲ್ಲಿ ಈಮೇಲ್ ಬರುತ್ತದೆ. ಕಣ್ಣಿನ ಡಾಕ್ಟರಿಗೆ ಮೀನುಗಾರಿಕೆಯ ಜರ್ನಲ್ಲಿನಿಂದ ಆಹ್ವಾನ. ಹಣ ಕಟ್ಟಿದರೆ ಹದಿನೈದು ದಿನದಲ್ಲಿ ಅಚ್ಚು. ಓದಿ ಪರಿಶೀಲಿಸುವವರು ಇದ್ದಾರೆ ಎಂಬ ವಾಕ್ಯ ಮಾತ್ರ ಉಚಿತ. ಈ ವ್ಯಾಪಾರದಲ್ಲಿ ನಮ್ಮ ತೆಲುಗು ನಾಡು ಹಿಂದೆ ಬಿದ್ದಿಲ್ಲ: ಹೈದರಾಬಾದಿನ ಓಮಿಕ್ಸ್ ಸಮೂಹಕ್ಕೆ 2019ರಲ್ಲಿ ಅಮೆರಿಕದ ಫೆಡರಲ್ ಕೋರ್ಟು 5 ಕೋಟಿ ಡಾಲರಿಗೂ ಮೇಲೆ ದಂಡ ಹಾಕಿತು. ರಾಯದುರ್ಗದ ಜೀನ್ಸ್ ಹೊಲಿಯುವವರು ಕೂಡ ಒಂದು ಪ್ಯಾಂಟಿಗೆ ಎರಡು ಕಾಲಾದರೂ ಇಡುತ್ತಾರೆ.

ಕದ್ದದ್ದು ಸಿಕ್ಕಿಬೀಳಬಾರದಲ್ಲ, ಅದಕ್ಕೆ ಲೈಬ್ರರಿಯವರೇ ಪೊಲೀಸು. ನಕಲು ಶೇಕಡಾ 10 ಮೀರಬಾರದು ಎಂದು ಯುಜಿಸಿ 2018ರಲ್ಲಿ ಗೆರೆ ಎಳೆದಿದೆ. ಸಲ್ಲಿಸುವ ವಾರ ಪಿಜಿಗಳು ಅಳಿಯನ ಮೇಜಿನ ಮುಂದೆ, "ಅಣ್ಣಾ, 38 ಬಂದಿದೆ, ಹೆಂಗಾದ್ರೂ ಹತ್ತು ಮಾಡಿಸು" ಎಂದು ಬಿಪಿ ಇಳಿಸಿಕೊಳ್ಳಲು ಬಂದ ರೋಗಿಗಳಂತೆ ನಿಲ್ಲುತ್ತಾರಂತೆ. ಇಳಿಸುವ ಮದ್ದು ಸುಲಭ: ಪದ ಬದಲಿಸುವುದು. ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತವರ ಗೆಳೆಯರು 2021ರಲ್ಲಿ ಇಂಥ ಚಿತ್ರಹಿಂಸೆಗೊಳಗಾದ ಪದಗಳನ್ನು ಹೆಕ್ಕಿ ತೋರಿಸಿದರು. ಸ್ತನದ ಕ್ಯಾನ್ಸರು ಎಂಬುದು ಯಾವುದೋ ಯಂತ್ರದ ಬಾಯಲ್ಲಿ 'ಎದೆಯ ಗಂಡಾಂತರ'ವಾಗಿತ್ತು. ಅತ್ತೆಯೇ ವಿಷಯವಾದ ಮೇಲೆ ನನಗೆ ಆಶ್ಚರ್ಯವಾಗಲಿಲ್ಲ.

ಈ ಪ್ರಮೋಷನ್ ಲೆಕ್ಕದಲ್ಲಿ ನೋಡಿದರೆ ಕನ್ನಡದ ಡಾಕ್ಟರುಗಳು ಬಹಳ ನಷ್ಟದಲ್ಲಿ ಬದುಕಿದರು. ಡಾ. ಎಂ. ಶಿವರಾಂ ರಾಶಿ ಎಂಬ ಹೆಸರಿನಲ್ಲಿ 1942ರಿಂದ 1967ರ ತನಕ 'ಕೊರವಂಜಿ' ನಡೆಸಿ ನಾಡನ್ನು ನಗಿಸಿದರು; ಪಾಯಿಂಟು ಸೊನ್ನೆ. ಡಾ. ಅನುಪಮಾ ನಿರಂಜನ 'ತಾಯಿ ಮಗು' ಬರೆದು ಮದುವೆಯಾದ ಮನೆಮನೆಗೆ ಹೆರಿಗೆಯ ವಿದ್ಯೆ ಹೇಳಿಕೊಟ್ಟರು. ಮೂಲ ಸಂಶೋಧನೆ ಅಲ್ಲ, ಪಾಯಿಂಟು ಸೊನ್ನೆ. ಹದಿನಾಲ್ಕನೇ ಶತಮಾನದ ಮಂಗರಾಜ 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವನ್ನು ಪೂರಾ ಪದ್ಯದಲ್ಲಿ ಬರೆದ, ಅವನಿಗಿಂತ ಮೊದಲೇ ಕೀರ್ತಿವರ್ಮ ದನಗಳ ಕಾಯಿಲೆಗೆ 'ಗೋವೈದ್ಯ' ಬರೆದ. ಒಂಬೈನೂರು ವರ್ಷದ ಹಿಂದೆ ದನದ ಕಾಯಿಲೆಗೆ ಕನ್ನಡದಲ್ಲಿ ಪುಸ್ತಕವಿತ್ತು. ಇವತ್ತು ದನ ಕಟ್ಟಿದವಳ ಕಾಯಿಲೆಗೆ ಒಂದು ಪುಟವಿಲ್ಲ.

ಸರಿ, ಕನ್ನಡದ ಹುಡುಗರೇ ಡಾಕ್ಟರಾಗಿ ಬರೆಯಲಿ ಎನ್ನುತ್ತೀರಿ. ಅಮರಾಪುರ, ರೊಳ್ಳ, ಗುಡಿಬಂಡೆ ಸೀಮೆಯ ಕನ್ನಡ ಶಾಲೆಗಳಲ್ಲಿ ಜೀವಕೋಶವನ್ನು ಜೀವಕೋಶ ಎಂದೇ ಕಲಿತ ಮಗು ನೀಟ್ ಬರೆಯಬೇಕು. 2017ರಿಂದ ನೀಟ್ ಕನ್ನಡದಲ್ಲೂ ಇದೆ, ಸಂತೋಷ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಆಂಧ್ರದ ಕೇಂದ್ರದಲ್ಲಿ ಕೂತರೆ ತೆಲುಗು ಇದೆ, ಇಂಗ್ಲಿಷ್ ಇದೆ, ಹಿಂದಿ ಇದೆ. ಸಿರಾದ ಕಡೆ ಹೊಲದ ಬದು ದಾಟಿದರೆ ಅರ್ಥವಾಗುವ ಜೀವಶಾಸ್ತ್ರ ಬದುವಿನ ಈಚೆ ಅರ್ಥವಾಗಕೂಡದು. 2022ರ ಅಕ್ಟೋಬರಿನಲ್ಲಿ ಭೋಪಾಲದಲ್ಲಿ ಎಂಬಿಬಿಎಸ್‌ನ ಹಿಂದಿ ಪುಸ್ತಕಗಳು ಬಿಡುಗಡೆಯಾದವು. ಪುಸ್ತಕದ ಗುಣದ ಬಗ್ಗೆ ಜಗಳವಿರಲಿ, ಇದೆಯಲ್ಲ. ನಮ್ಮದು ಬಿಡುಗಡೆಗೂ ಇಲ್ಲ, ಜಗಳಕ್ಕೂ ಇಲ್ಲ.

ಇನ್ನು ಕಾಲೇಜುಗಳು. 2021ರ ಮೇ 31ರಂದು ಆಂಧ್ರದಲ್ಲಿ ಒಂದೇ ದಿನ 14 ವೈದ್ಯಕೀಯ ಕಾಲೇಜುಗಳಿಗೆ ಶಂಕುಸ್ಥಾಪನೆಯಾಯಿತು. ಮಡಕಶಿರಾದ ಪಕ್ಕದ ಪೆನುಕೊಂಡಕ್ಕೆ ಒಂದು, ನಮ್ಮ ಹಳೇ ಜಿಲ್ಲೆಯ ಸೋದರಿ ಆದೋನಿಗೆ ಒಂದು. ಸರ್ಕಾರ ಬದಲಾಯಿತು, ಅವನ್ನು ಖಾಸಗಿಯವರ ಜೊತೆ ಸೇರಿ ನಡೆಸುವುದೋ ಬೇಡವೋ ಎಂಬ ಗುದ್ದಾಟ ಶುರುವಾಯಿತು. ಪೆನುಕೊಂಡ ಕೃಷ್ಣದೇವರಾಯರ ಕಾಲದಿಂದಲೂ ಕಲ್ಲುಗಳ ಊರು, ಇನ್ನೊಂದು ಕಲ್ಲು ಭಾರವಾಗುವುದಿಲ್ಲ.

ಓದುವ ಸಾಮಗ್ರಿಗಾಗಿ ಕೇಂದ್ರ ಸರ್ಕಾರ ಕೈ ಬಿಚ್ಚಿದ್ದೂ ಉಂಟು. 'ಒಂದು ದೇಶ ಒಂದು ಚಂದಾ' ಎಂದು 2024ರ ನವೆಂಬರಿನಲ್ಲಿ 6,000 ಕೋಟಿ ರೂಪಾಯಿಗೆ ಮಂಜೂರಾತಿ ಕೊಟ್ಟಿತು. ಮೂರು ವರ್ಷಕ್ಕೆ 30 ಪ್ರಕಾಶಕರ ಸುಮಾರು 13,000 ಜರ್ನಲುಗಳು. ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಅಳಿಯನ ಕಾಲೇಜಿಗೆ ಇಲ್ಲ. "ನಮಗೆ ಬೇಕೂ ಇಲ್ಲ ಬಿಡಿ ಮಾವ" ಎಂದ. ನನ್ನ ಮನೆ ಕಂದಾಯದ ಜೊತೆ ರೂಪಾಯಿಗೆ ಎಂಟು ಪೈಸೆ ಗ್ರಂಥಾಲಯ ಸೆಸ್ ಎಂದು ವಸೂಲಾಗುತ್ತದೆ. ಜರ್ನಲಿನ 6,000 ಕೋಟಿಯೂ ತೆರಿಗೆಯದೇ. ಎರಡು ಕಡೆ ದುಡ್ಡು ಇಸಕೊಂಡು ಒಂದು ಕಡೆಯೂ ಒಳಗೆ ಬಿಟ್ಟುಕೊಳ್ಳದ ವ್ಯವಹಾರವನ್ನು ನಮ್ಮೂರ ಸಿನಿಮಾ ಟಾಕೀಸಿನವನೂ ಮಾಡಿರಲಿಲ್ಲ.

ಇನ್‌ಸ್ಪೆಕ್ಷನ್ ಮುಗಿದ ಮೇಲೆ, ಮಧ್ಯಾಹ್ನ ಗ್ರಂಥಪಾಲಕರು ಊಟಕ್ಕೆ ಹೋದ ಹೊತ್ತಿನಲ್ಲಿ ಅಳಿಯ ನನ್ನನ್ನು ಒಳಗೆ ಬಿಟ್ಟ. ಏಸಿ ನಿಂತಿತ್ತು. ಥೀಸಿಸ್ ಬೀರುವಿಗೆ ಬೀಗ. ಕೀಲಿ ಹುಡುಕಲು ಹತ್ತು ನಿಮಿಷ. ಮರೂನ್ ರೆಕ್ಸಿನ್ನಿನ ರಟ್ಟು, ಚಿನ್ನದ ಅಕ್ಷರ, ಒಂದೇ ಅಳತೆಯ ನೂರಾರು ಪುಸ್ತಕಗಳು ಶಾಲಾ ಮಕ್ಕಳ ಡ್ರಿಲ್ಲಿನಂತೆ ನಿಂತಿದ್ದವು. ನಮ್ಮ ಹುಡುಗನದು ಸಿಕ್ಕಿತು. ಕೃತಜ್ಞತೆಯ ಪುಟ ಎರಡಿತ್ತು: ಗೈಡು, ಎಚ್‌ಓಡಿ, ಪ್ರಿನ್ಸಿಪಾಲು, ಅಪ್ಪ ಅಮ್ಮ, ಹೆಂಡತಿ, ಡಿಟಿಪಿ ಅಂಗಡಿಯವನು, ಕೊನೆಗೆ ರೋಗಿಗಳು. ಹಿಂದಿನ ಸಂಶೋಧನೆಗಳ ಅಧ್ಯಾಯ 1937ರಿಂದ ಶುರುವಾಗುತ್ತಿತ್ತು. ಆ ವರ್ಷ ಶಾರ್ಟ್ ಎಂಬ ಬ್ರಿಟಿಷ್ ವೈದ್ಯ ಮತ್ತವನ ಸಂಗಡಿಗರು ಮದ್ರಾಸ್ ಪ್ರಾಂತ್ಯದ ನೀರಿನ ಫ್ಲೋರೈಡು ಜನರ ಮೂಳೆ ಬಗ್ಗಿಸುತ್ತಿದೆ ಎಂದು ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚಿನಲ್ಲಿ ಬರೆದರು. ಆಗ ರಾಯದುರ್ಗ, ಮಡಕಶಿರಾ ಎರಡೂ ಅದೇ ಪ್ರಾಂತ್ಯದಲ್ಲಿದ್ದವು. ಅಂದರೆ ಅತ್ತೆ ಹುಟ್ಟುವುದಕ್ಕೆ ಮೊದಲೇ ಅವಳ ಕಾಯಿಲೆ ಲೈಬ್ರರಿಗೆ ಬಂದು ಕೂತಿತ್ತು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಅಂಕಿ ಪ್ರತಿ ಥೀಸಿಸ್ಸಿನಲ್ಲೂ ಇದೆ ಎಂದ ಅಳಿಯ. ಆ ಪುಟ ಮಾತ್ರ ಒಬ್ಬರಿಂದೊಬ್ಬರಿಗೆ ಶುದ್ಧವಾಗಿ ಹರಿದು ಬಂದಿದೆ. 1990ರ ದಶಕದ ನಡುವೆ ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟಿನವರು ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಪೈಪು ಎಳೆದರು. ದೇವರು ದಿಂಡರ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ಆ ಪೈಪಿಗೆ ಪಿ ವ್ಯಾಲ್ಯೂ ಇರಲಿಲ್ಲ, ನೀರಿತ್ತು.

ಕೊನೆಯ ಮಡಚಿದ ಹಾಳೆ ಬಿಚ್ಚಿದೆ: ಮಾಸ್ಟರ್ ಚಾರ್ಟ್. ಇರುವೆ ಸಾಲಿನಂಥ ಅಂಕಿ. 47ರ ಮುಂದೆ 70, ಎಫ್, ಎರಡು ಪ್ಲಸ್, ಒಂದು ಮೈನಸ್. ಅದು ಅತ್ತೆ. ಯುಗಾದಿ ಹೋಳಿಗೆ ಮೈನಸ್ಸಿನಲ್ಲಿತ್ತೋ ಪ್ಲಸ್ಸಿನಲ್ಲಿತ್ತೋ ತಿಳಿಯಲಿಲ್ಲ. ಉಪಸಂಹಾರದಲ್ಲಿ ಈ ಭಾಗದ ಜನರಿಗೆ ಶುದ್ಧ ನೀರು ಒದಗಿಸಬೇಕು, ಇನ್ನೂ ದೊಡ್ಡ ಸ್ಯಾಂಪಲ್ಲಿನ ಮೇಲೆ ಇನ್ನೂ ಅಧ್ಯಯನ ನಡೆಯಬೇಕು ಎಂದು ಇಂಗ್ಲಿಷಿನಲ್ಲಿತ್ತು. ಹಿಂದಿನ ರಟ್ಟಿಗೆ ಅಂಟಿಸಿದ ಡ್ಯೂ ಡೇಟ್ ಚೀಟಿ ನೋಡಿದೆ. ಒಂದು ತಾರೀಖೂ ಬಿದ್ದಿರಲಿಲ್ಲ.

"ಮನೆಗೆ ಒಯ್ಯಲಾ?"

"ಥೀಸಿಸ್ ಹೊರಗೆ ಕೊಡೋ ಹಾಗಿಲ್ಲ ಮಾವ. ರೆಫರೆನ್ಸಿಗೆ ಮಾತ್ರ."

ಮನೆಗೆ ಬಂದಾಗ ಅತ್ತೆ ಜಗುಲಿಯಲ್ಲಿ ಕಾಯುತ್ತಿದ್ದಳು. "ಏನ್ ಬರ್ದವ್ನೆ ನನ್ ಮ್ಯಾಲೆ?"

"ನೀರು ಸರಿಯಿಲ್ಲ ಅಂತ ಬರೆದಿದ್ದಾನೆ ಅತ್ತೆ."

"ಅಷ್ಟೇಯಾ? ಅದ್ಕೆ ಬೆಟ್ಟು ಒತ್ತುಸ್ಕಂಡ್ನಾ? ನನ್ ಕೇಳಿದ್ರೆ ಬಾಯಲ್ಲೇ ಹೇಳ್ತಿದ್ನಲ್ಲ!"

ಪಿಜಿ ಮಕ್ಕಳೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ನಿದ್ದೆಯ ಬಾಕಿ ನಾನು ಕಂಡಿದ್ದೇನೆ. ಥೀಸಿಸ್ಸಿನ ಕೊನೆಗೆ ಒಂದೇ ಒಂದು ಪುಟ ಕನ್ನಡದಲ್ಲಿ ಬರೆಯಿರಿ: ಏನು ಕೇಳಿದಿರಿ, ಏನು ಸಿಕ್ಕಿತು, ಯಾವ ನೀರು ಕುಡಿಯಬೇಕು. ಅದರ ಒಂದು ಪ್ರತಿ 47ಕ್ಕೆ ಅಂಚೆಯಲ್ಲಿ ಕಳಿಸಿ, ಓದಿ ಹೇಳಲು ನಾನಿದ್ದೇನೆ. ವಿಳಾಸ ನಿಮ್ಮ ಪ್ರೊಫಾರ್ಮಾದಲ್ಲೇ ಇದೆ. ಜಿಲ್ಲೆ ಅನಂತಪುರ ಎಂದು ಬರೆದುಕೊಂಡಿದ್ದೀರಿ, ಅದನ್ನು ಮಾತ್ರ ಶ್ರೀ ಸತ್ಯಸಾಯಿ ಎಂದು ತಿದ್ದಿಕೊಳ್ಳಿ.